ದ್ವೀಪದ ಮಗುವಿನ ಕೈಗೆ ಮೊದಲು ಯಾವ ಕತೆಪುಸ್ತಕ ಕೊಡೋದು

ಎಲ್ಲರಿಗೂ ನಮಸ್ಕಾರ. ಪುಟ್ಟ ಮಕ್ಕಳಿಗೆ ಕಲಿಸೋ ಟೀಚರ್‌ಗಳ ಮುಂದೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಹಾಗಾಗಿ ಮಾತಾಡಿದ ಹಾಗೇ ಬರೀತಿದೀನಿ, ಅವತ್ತು ಟೈಮ್ ಸಾಲದೆ ಬಿಟ್ಟಿದ್ದನ್ನ ಅಲ್ಲಲ್ಲಿ ಸೇರಿಸಿದೀನಿ. ವಿಷಯ ಏನಂದ್ರೆ ದ್ವೀಪಗಳಲ್ಲಿ ಹುಟ್ಟಿ ಬೆಳೆಯೋ ಮೂರರಿಂದ ಆರೇಳು ವರ್ಷದ ಮಕ್ಕಳಿಗೆ ಅವರದೇ ನೆಲದ, ಅವರದೇ ನೀರಿನ ಕತೆಪುಸ್ತಕ ಯಾಕೆ ಬೇಕು, ಅದನ್ನ ಯಾರು ಮಾಡ್ಬೇಕು, ಹೇಗೆ ಮಾಡ್ಬೇಕು ಅನ್ನೋದು.

ಹವಾಯಿಯಿಂದ ಶುರು ಮಾಡ್ತೀನಿ. ಅಲ್ಲಿ 1896ರಲ್ಲಿ ಕಾನೂನು ಬಂತು, ಶಾಲೆ ಪಾಠ ಇಂಗ್ಲಿಷ್‌ನಲ್ಲೇ ನಡೀಬೇಕು ಅಂತ. ಹಾಗಂತ ಹವಾಯಿ ಭಾಷೆ ಓದು ಬರಹ ಇಲ್ಲದ ಭಾಷೆ ಏನಾಗಿರ್ಲಿಲ್ಲ, 1834ರಿಂದಲೇ ಆ ಭಾಷೇಲಿ ಪತ್ರಿಕೆಗಳು ಶುರುವಾಗಿದ್ವು, 1948ರವರೆಗೆ ನೂರಕ್ಕೂ ಹೆಚ್ಚು ಪತ್ರಿಕೆಗಳು ಬಂದು ಹೋದ್ವು, ಅಂದ್ರೆ ಅಷ್ಟೊಂದು ಓದೋ ಜನ ಅವರು. ಕಾನೂನು ಬಂದಮೇಲೆ ಒಂದೊಂದೇ ತಲೆಮಾರು ಜಾರ್ತಾ ಹೋಯ್ತು, 1980ರ ಹೊತ್ತಿಗೆ ನೀಹೌ ಅನ್ನೋ ಪುಟ್ಟ ದ್ವೀಪ ಬಿಟ್ರೆ ಮನೇಲಿ ಆ ಭಾಷೆ ಆಡ್ತಾ ಬೆಳೆಯೋ ಮಕ್ಕಳು ಸಿಗೋದೇ ಕಷ್ಟ ಆಗಿಹೋಯ್ತು. ಆಗ ಕೆಲವು ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಸೇರಿ 1984ರಲ್ಲಿ ಕೌಆಯಿ ದ್ವೀಪದಲ್ಲಿ ಪೂನನ ಲೆಯೋ ಅನ್ನೋ ಶಿಶುವಿಹಾರ ತೆಗೆದ್ರು, ಪೂರ್ತಿ ಹವಾಯಿ ಭಾಷೇಲೇ ನಡೆಯೋದು. ಕಾನೂನಿನ ತೊಡಕು ಪೂರ್ತಿ ಹೋಗಿದ್ದು 1986ಕ್ಕೆ, ಅಲ್ಲಿವರೆಗೂ ಅವರು ಕಾಯ್ಲಿಲ್ಲ. ಸರಿ, ಮಕ್ಕಳು ಬಂದ್ರು, ಪುಸ್ತಕ ಎಲ್ಲಿ? ಇರ್ಲಿಲ್ಲ. ಅದಕ್ಕೆ ಅವರೇನು ಮಾಡಿದ್ರು ಗೊತ್ತಾ, ಸಿಕ್ಕ ಇಂಗ್ಲಿಷ್ ಕತೆಪುಸ್ತಕ ತಗೊಂಡು, ಅದನ್ನ ಹವಾಯಿ ಭಾಷೆಗೆ ಅನುವಾದ ಮಾಡಿ, ಟೈಪ್ ಮಾಡಿ, ಚೀಟಿ ಕತ್ತರಿಸಿ ಇಂಗ್ಲಿಷ್ ಸಾಲುಗಳ ಮೇಲೆ ಅಂಟಿಸಿದ್ರು. ಅಪ್ಪ ಅಮ್ಮಂದಿರೇ ಗುಂಪಾಗಿ ಕೂತು ಕತ್ತರಿ ಗೋಂದು ಹಿಡ್ಕೊಂಡು ಮಾಡಿದ ಕೆಲಸ ಇದು.

ಆ ಅಂಟಿಸಿದ ಚೀಟಿಗಳ ಬಗ್ಗೆ ನನಗೆ ತುಂಬಾ ಗೌರವ. ಆದ್ರೆ ಅದೇ ಪುಸ್ತಕ ನಮಗೆ ಇನ್ನೊಂದು ವಿಷಯಾನೂ ತೋರಿಸುತ್ತೆ. ಚೀಟಿ ಅಕ್ಷರದ ಮೇಲೆ ಅಂಟುತ್ತೆ, ಚಿತ್ರದ ಮೇಲೆ ಅಂಟಲ್ಲ. ಭಾಷೆ ಬದಲಾಯ್ತು, ಕೆಳಗಿನ ಚಿತ್ರದಲ್ಲಿ ಮನೆ ಬೇರೆಯವರದ್ದೇ, ಮರ ಬೇರೆ ಕಡೆಯದ್ದೇ, ಕತೆ ನಡೆಯೋ ರೀತೀನೂ ಅಲ್ಲಿಯದ್ದೇ. ನಾಲ್ಕು ವರ್ಷದ ಮಗು ಓದೋದು ಚಿತ್ರಾನ ಅಲ್ವಾ, ಅಕ್ಷರ ಓದೋದು ಅದರ ಜೊತೆ ಕೂತ ದೊಡ್ಡವರು. ಹಾಗಾಗಿ ಸ್ಥಳೀಯ ಸಂಸ್ಕೃತಿಯ ಪುಸ್ತಕ ಅಂದ್ರೆ ಸ್ಥಳೀಯ ಭಾಷೆಗೆ ಅನುವಾದ ಮಾಡಿದ ಪುಸ್ತಕ ಅಂತ ನಾವು ತಿಳ್ಕೊಂಡ್ರೆ ಅರ್ಧ ದಾರೀಲೇ ನಿಂತ ಹಾಗೆ.

ಒಂದು ಉದಾಹರಣೆ ಕೊಡ್ತೀನಿ, ಇದು ನನಗೆ ಬಹಳ ಇಷ್ಟದ ವಿಷಯ. ಹವಾಯಿಯಲ್ಲಿ ದಾರಿ ಹೇಳೋವಾಗ ಇವತ್ತಿಗೂ ಬೆಟ್ಟದ ಕಡೆ, ಸಮುದ್ರದ ಕಡೆ ಅಂತಾರೆ. ಪೆಸಿಫಿಕ್‌ನ ಎಷ್ಟೋ ದ್ವೀಪಗಳಲ್ಲಿ ದಿಕ್ಕು ಅನ್ನೋದು ಹೀಗೇ, ಒಳನಾಡು ಮತ್ತು ಕಡಲು ಅನ್ನೋ ಗೆರೆ ಮೇಲೆ ನಿಂತಿರುತ್ತೆ. ಹೊರಗಿನಿಂದ ಬಂದ ಪುಸ್ತಕದಲ್ಲಿ "ಬೆಕ್ಕು ಮನೆಯ ಎಡಗಡೆ ಇದೆ" ಅಂತ ಇದ್ರೆ ಅದನ್ನ ಅನುವಾದ ಮಾಡೋರು ಏನು ಮಾಡ್ಬೇಕು? ಮನೆ ಚಿತ್ರ ಇದೆ, ಆದ್ರೆ ಸಮುದ್ರ ಯಾವ ಕಡೆ ಅಂತ ಚಿತ್ರದಲ್ಲೇ ಇಲ್ಲ! ಚಿತ್ರ ಬರೆದೋರಿಗೆ ಅದು ಬೇಕೂ ಆಗಿರ್ಲಿಲ್ಲ. ಆದ್ರೆ ಆ ಮಗುವಿಗೆ ಅದೇ ಮೊದಲು ಬೇಕಾಗಿದ್ದು. ಅಲ್ಲಿಯವರೇ ಕೂತು ಬರೆದಿದ್ರೆ ಸಮುದ್ರ ತಾನಾಗೇ ಪುಟದ ಒಂದು ಅಂಚಿಗೆ ಬಂದು ಕೂರ್ತಿತ್ತು.

ಇನ್ನೊಂದು ಬೇಜಾರಿನ ವಿಷಯ, ದ್ವೀಪದ ಬಗ್ಗೆ ಅಂತಾನೇ ಮಾಡಿದ ಎಷ್ಟೋ ಪುಸ್ತಕಗಳ ಚಿತ್ರಗಳು ಪೋಸ್ಟ್‌ಕಾರ್ಡ್ ಥರ ಇರ್ತವೆ. ಬಾಗಿದ ತೆಂಗಿನ ಮರ, ಬಿಳಿ ಮರಳು, ಒಂದೇ ನೀಲಿ ಬಣ್ಣದ ನೀರು. ಅದು ಹಡಗಿನಿಂದಲೋ ವಿಮಾನದಿಂದಲೋ ಬಂದವರ ಕಣ್ಣು. ಹವಳ ದ್ವೀಪದ ಮಗು ನೀರನ್ನ ಒಂದೇ ಬಣ್ಣವಾಗಿ ನೋಡೋದೇ ಇಲ್ಲ, ಎಲ್ಲಿ ತಿಳಿ ಹಸಿರು, ಎಲ್ಲಿ ಕಂದು, ಎಲ್ಲಿ ಕಡುನೀಲಿ ಅಂತ ನೋಡಿ ಎಲ್ಲಿ ಆಳ ಕಮ್ಮಿ, ಎಲ್ಲಿ ಬಂಡೆ ಇದೆ, ದೋಣಿ ಎಲ್ಲಿಂದ ಹೊರಗೆ ಹೋಗುತ್ತೆ ಅಂತ ಚಿಕ್ಕ ವಯಸ್ಸಿಂದಲೇ ತಿಳೀತಾ ಬರುತ್ತೆ. ಟೋಂಗಾ ಮೂಲದ ಚಿಂತಕ ಎಪೆಲಿ ಹೌಓಫಾ 1993ರಲ್ಲಿ ಒಂದು ಪ್ರಬಂಧದಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಹೇಳಿದ್ರು, ಹೊರಗಿನವರು ದೂರದ ಸಮುದ್ರದಲ್ಲಿ ಚೆಲ್ಲಿಹೋದ ಪುಟ್ಟ ಪುಟ್ಟ ನೆಲ ನೋಡ್ತಾರೆ, ಅಲ್ಲಿನ ಜನಕ್ಕೆ ಆ ಸಮುದ್ರವೂ ಸೇರಿ ಒಂದು ದೊಡ್ಡ ಲೋಕ ಅಂತ. ಮಕ್ಕಳ ಪುಸ್ತಕದ ಚಿತ್ರಕಾರರು ಪೆನ್ಸಿಲ್ ಹಿಡಿಯೋ ಮುಂಚೆ ಇದನ್ನ ಒಂದು ಸಲ ಯೋಚನೆ ಮಾಡ್ಬೇಕು ಅಂತ ನನಗೆ ಅನ್ಸುತ್ತೆ.

ಇಷ್ಟೆಲ್ಲಾ ಭಾವನೆ ಸರಿ, ಇದರಿಂದ ಮಗು ಓದೋದು ಕಲಿಯುತ್ತಾ ಅಂತ ನೀವು ಕೇಳ್ತೀರಿ, ಕೇಳ್ಬೇಕು ಕೂಡ. ಇದಕ್ಕೆ ಎರಡು ದ್ವೀಪಗಳ ಅನುಭವ ಇದೆ. ಒಂದು ನಿಯುವೆ, ಪೆಸಿಫಿಕ್‌ನಲ್ಲಿರೋ ಸುಮಾರು 260 ಚದರ ಕಿಲೋಮೀಟರ್‌ನ ಒಂಟಿ ದ್ವೀಪ, ಈಗ ಅಲ್ಲಿರೋ ಜನ ಎರಡು ಸಾವಿರಕ್ಕೂ ಕಮ್ಮಿ. 1970ರ ದಶಕದ ಕೊನೆಗೆ ಅಲ್ಲಿ ಪೀಟರ್ ಡೆಆತ್ ಅನ್ನೋರು ಫಿಯಾಫಿಯಾ ಅನ್ನೋ ಓದುವ ಸರಣಿ ಮಾಡಿದ್ರು. ಭಾಷೆ ಸರಳ ಇಂಗ್ಲಿಷ್, ಆದ್ರೆ ಕತೆಗಳು ನಿಯುವೆಯ ಬದುಕಿನವು. ಅಲ್ಲಿವರೆಗೆ ಮಕ್ಕಳಿಗೆ ಇಂಗ್ಲಿಷ್ ಅಂದ್ರೆ ಹೇಳಿದ್ದನ್ನೇ ಹೇಳೋ ವಾಕ್ಯಗಳ ಗಿಣಿಪಾಠ. ಈ ಪುಸ್ತಕಗಳನ್ನ ಓದಿಸಿದ ರೀತಿ ನ್ಯೂಜಿಲೆಂಡ್‌ನ ಡಾನ್ ಹೋಲ್ಡವೇ ಅನ್ನೋ ಶಿಕ್ಷಣತಜ್ಞರು ರೂಪಿಸಿದ್ದು, ದೊಡ್ಡ ಅಕ್ಷರದ ದೊಡ್ಡ ಪುಸ್ತಕ, ಮಕ್ಕಳೆಲ್ಲ ಸುತ್ತ ಕೂತ್ಕೋತಾರೆ, ಟೀಚರ್ ಬೆರಳಿಟ್ಟು ಓದ್ತಾರೆ, ಎರಡನೇ ಸಲ ಮಕ್ಕಳು ಸೇರ್ಕೋತಾರೆ, ಮೂರನೇ ದಿನ ಟೀಚರ್ ಸುಮ್ಮನಿದ್ರೂ ಮಕ್ಕಳೇ ಹೇಳ್ತಾರೆ. ಮನೇಲಿ ಅಜ್ಜಿ ಮಡಿಲಲ್ಲಿ ಕತೆ ಕೇಳೋ ಹಿತಾನ ತರಗತಿಗೆ ತರೋ ಪ್ರಯತ್ನ ಅದು. ಫಲಿತಾಂಶ ಚೆನ್ನಾಗಿತ್ತು, ಆ ಹುಮ್ಮಸ್ಸಿನಲ್ಲೇ 1980ರಲ್ಲಿ ಫಿಜಿಯಲ್ಲಿ ವಾರ್ವಿಕ್ ಎಲಿ, ಫ್ರಾನ್ಸಿಸ್ ಮಂಗುಭಾಯಿ ಅನ್ನೋ ಇಬ್ಬರು ಇದನ್ನ ಇನ್ನೂ ದೊಡ್ಡದಾಗಿ ಮಾಡಿ ನೋಡಿದ್ರು. ಹಳ್ಳಿ ಶಾಲೆಗಳು, ನಾಲ್ಕು ಐದನೇ ಕ್ಲಾಸು, ಒಂದೊಂದು ಕ್ಲಾಸಿಗೆ 250 ಚಿತ್ರಪುಸ್ತಕ ಸುರಿದುಬಿಟ್ರು. ಒಂದು ವರ್ಷ ಆಗೋ ಹೊತ್ತಿಗೆ ಆ ಮಕ್ಕಳ ಓದು ಮಾಮೂಲಿ ವೇಗದ ಹೆಚ್ಚುಕಮ್ಮಿ ಎರಡರಷ್ಟು ಮುಂದೆ ಹೋಗಿತ್ತು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಫಿಜಿಯದ್ದು ಪುಟಾಣಿಗಳ ಪ್ರಯೋಗ ಅಲ್ಲ, ಪುಸ್ತಕಗಳೂ ಇಂಗ್ಲಿಷ್‌ನವು. ಹಾಗಾಗಿ ಅದನ್ನ ತೋರಿಸಿ "ನೋಡಿ ಸ್ಥಳೀಯ ಕತೆ ಗೆದ್ದಿತು" ಅಂತ ಹೇಳೋದು ತಪ್ಪು. ಅದು ಹೇಳೋದು ಏನಂದ್ರೆ ಕತೆ ಅನ್ನೋದು ಪಾಠಕ್ಕಿಂತ ಚೆನ್ನಾಗಿ ಕಲಿಸುತ್ತೆ, ಒಂದೆರಡು ಪುಸ್ತಕ ಸಾಲಲ್ಲ, ರಾಶಿ ಬೇಕು, ಜೊತೆಗೆ ಓದೋ ದೊಡ್ಡವರು ಬೇಕು. ನಿಯುವೆ ಹೇಳೋದು ಆ ಕತೆ ಮಗುವಿಗೆ ಗುರುತಿರೋ ಲೋಕದ್ದಾದ್ರೆ ಬಾಗಿಲು ಬೇಗ ತೆಗೆಯುತ್ತೆ ಅಂತ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ನಮ್ಮ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ, ಯಾಕಂದ್ರೆ ಸಂಸ್ಕೃತಿ ಉಳಿಸ್ತೀವಿ ಅಂತ ಒಂದು ಚಂದದ ಪುಸ್ತಕ ಮಾಡಿ, ಬಿಡುಗಡೆ ಸಮಾರಂಭ ಮಾಡಿ, ಬೀರುವಿನಲ್ಲಿ ಇಟ್ರೆ ಏನೂ ಆಗಲ್ಲ.

ಇನ್ನು ಕತೆ ಎಲ್ಲಿಂದ ತರೋದು. ಪೆಸಿಫಿಕ್‌ನಲ್ಲೇ ಇರೋ ವನುವಾಟು ದೇಶ ತಗೊಳ್ಳಿ, ಎಂಬತ್ತಕ್ಕೂ ಹೆಚ್ಚು ದ್ವೀಪ, ಮೂರು ಲಕ್ಷದ ಆಸುಪಾಸಿನ ಜನ, ನೂರಕ್ಕೂ ಹೆಚ್ಚು ಭಾಷೆ. 1980ರವರೆಗೆ ಬ್ರಿಟಿಷರು ಫ್ರೆಂಚರು ಇಬ್ಬರೂ ಒಟ್ಟಿಗೆ ಆಳಿದ್ದು, ಹಾಗಾಗಿ ಶಾಲೆಗಳೂ ಕೆಲವು ಇಂಗ್ಲಿಷ್, ಕೆಲವು ಫ್ರೆಂಚ್, ಮಗುವಿನ ಮನೆಮಾತು ಎರಡೂ ಅಲ್ಲ. 2012ರ ನೀತಿಯಲ್ಲಿ ಮೊದಲ ವರ್ಷಗಳಿಗೆ ಬಿಸ್ಲಾಮಾ (ಅಲ್ಲಿ ಎಲ್ಲರಿಗೂ ಸಾಮಾನ್ಯವಾದ ಆಡುಮಾತು) ಅಥವಾ ಊರ ಭಾಷೆ ಬಳಸಬಹುದು ಅಂತ ಆಯ್ತು. ಅಲ್ಲಿ ಮರಳ ಮೇಲೆ ಒಂದೇ ಬೆರಳಿಂದ ಚಿತ್ರ ಬರೆಯೋ ಕಲೆ ಇದೆ, ನಮ್ಮ ಎಳೆ ರಂಗೋಲಿ ನೋಡಿದೋರಿಗೆ ಥಟ್ಟನೆ ಹತ್ತಿರ ಅನ್ಸುತ್ತೆ, ಬೆರಳು ಎತ್ತದೆ ಒಂದೇ ಎಳೆ ಸುತ್ತಿ ಸುತ್ತಿ ಬರುತ್ತೆ, ಬರೀತಾ ಬರೀತಾ ಕತೆ ಹೇಳ್ತಾರೆ, ವಂಶದ ವಿಷಯ, ಹಾಡು, ಬೇಸಾಯ ಎಲ್ಲಾ ಅದರಲ್ಲಿರುತ್ತೆ, ಬೇರೆ ಬೇರೆ ಭಾಷೆಯ ಜನ ಒಬ್ಬರಿಗೊಬ್ಬರು ಅರ್ಥ ಆಗೋದಕ್ಕೂ ಅದನ್ನ ಬಳಸ್ತಿದ್ರು. ಯುನೆಸ್ಕೋ 2003ರಲ್ಲೇ ಅದನ್ನ ಮನುಕುಲದ ಪರಂಪರೆ ಅಂತ ಘೋಷಿಸಿದೆ. ಈಗ ಹೇಳಿ, ಅಕ್ಷರ ಬರೋ ಮುಂಚೆ ಕೈ ಪಳಗಿಸೋಕೆ ಇದಕ್ಕಿಂತ ಒಳ್ಳೇ ಪುಸ್ತಕ ಯಾವುದು? ನನ್ನ ಪ್ರಕಾರ ಆ ದ್ವೀಪಗಳ ಮೊದಲ ಓದಿನ ಪುಸ್ತಕದಲ್ಲಿ ಪ್ರತಿ ಪುಟದಲ್ಲೂ ಆ ಎಳೆ ಸ್ವಲ್ಪ ಸ್ವಲ್ಪ ಮುಂದೆ ಹೋಗ್ಬೇಕು, ಕೊನೇ ಪುಟಕ್ಕೆ ಆಮೆಯೋ ಮೀನೋ ಆಗ್ಬೇಕು, ಮಗು ಪುಸ್ತಕ ಪಕ್ಕಕ್ಕಿಟ್ಟು ಮರಳಿಗೆ ಓಡ್ಬೇಕು.

ಆದ್ರೆ ಕೇಳದೆ ತಗೊಳ್ಳೋ ಹಾಗಿಲ್ಲ. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ಒಳ್ಳೇ ಮನಸ್ಸಿನವರೇ ಇಲ್ಲಿ ಹೆಚ್ಚು ಹಾನಿ ಮಾಡ್ತಾರೆ. ಅಲ್ಲಿ ಎಷ್ಟೋ ಕತೆ, ಎಷ್ಟೋ ಚಿತ್ರ ಒಂದು ಮನೆತನದ್ದು ಅಥವಾ ಒಂದು ಕುಲದ್ದು, ಅದನ್ನ ಯಾರು ಹೇಳಬಹುದು, ಯಾರ ಮುಂದೆ ಹೇಳಬಹುದು ಅನ್ನೋದಕ್ಕೆ ನಿಯಮ ಇದೆ. ಜಾನಪದ ಅಂದ್ರೆ ಎಲ್ಲರದ್ದೂ, ಸಂಗ್ರಹ ಮಾಡಿ ಪ್ರಿಂಟ್ ಹಾಕಬಹುದು ಅನ್ನೋ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ. ವನುವಾಟು ಸಾಂಸ್ಕೃತಿಕ ಕೇಂದ್ರ ಇದಕ್ಕೆ ಒಂದು ದಾರಿ ಮಾಡ್ಕೊಂಡಿದೆ, ಊರೂರಲ್ಲೂ ಆಯಾ ಊರಿನವರೇ ಕ್ಷೇತ್ರ ಕಾರ್ಯಕರ್ತರು ಇದ್ದಾರೆ, ಸಂಬಳಕ್ಕಲ್ಲ, ಸ್ವಂತ ಇಷ್ಟಕ್ಕೆ ಮಾಡೋರು, ಗಂಡಸರ ಗುಂಪು ಬೇರೆ, ಹೆಂಗಸರ ಗುಂಪು ಬೇರೆ, ಯಾಕಂದ್ರೆ ಹೆಂಗಸರ ತಿಳಿವಳಿಕೆ ಹೆಂಗಸರೇ ದಾಖಲೆ ಮಾಡ್ಬೇಕು. ವರ್ಷಕ್ಕೊಮ್ಮೆ ಎಲ್ಲಾ ಸೇರಿ ಏನು ಬರೆದಿಟ್ವಿ ಅಂತ ಹಂಚ್ಕೋತಾರೆ. ಪುಸ್ತಕ ಮಾಡೋರು ಇಂಥವರ ಹಿಂದೆ ನಡೀಬೇಕು. ಕತೆ ಕೊಟ್ಟವರ ಊರು, ಕುಲದ ಹೆಸರು ಅವರು ಒಪ್ಪಿದ್ರೆ ಮುಖಪುಟದಲ್ಲೇ ಹಾಕಿ, ಕೃತಜ್ಞತೆ ಅಂತ ಕೊನೇ ಪುಟದ ಸಣ್ಣ ಅಕ್ಷರದಲ್ಲಿ ಬೇಡ. ಅವರು ಬೇಡ ಅಂದ್ರೆ ಬೇಡ.

ಹಳೇ ಕತೆಯೊಳಗೆ ಏನೇನಿರುತ್ತೆ ಅನ್ನೋದಕ್ಕೆ ಇಂಡೋನೇಷ್ಯಾದ ಸಿಮೆಲುಎ ದ್ವೀಪ ನೋಡಿ. 1907ರಲ್ಲಿ ಅಲ್ಲಿ ಭೂಕಂಪ ಆಗಿ ಸುನಾಮಿ ಬಂದು ತುಂಬಾ ಜನ ಸತ್ತಿದ್ರು. ಉಳಿದವರು ಅದನ್ನ ಕತೆ ಮಾಡಿದ್ರು, ಹಾಡು ಮಾಡಿದ್ರು, ಜೋಗುಳದ ಥರ ಮಕ್ಕಳಿಗೆ ಹೇಳ್ತಾ ಬಂದ್ರು: ನೆಲ ಜೋರಾಗಿ ಅಲುಗಿ, ಸಮುದ್ರ ಹಿಂದೆ ಸರಿದ್ರೆ, ನಿಲ್ಲಬೇಡ, ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರ ಭೂಕಂಪದ ಕೇಂದ್ರಕ್ಕೆ ಬಹಳ ಹತ್ತಿರ ಇದ್ದದ್ದು ಈ ದ್ವೀಪ, ಅಲೆ ಬರೋಕೆ ಹತ್ತು ನಿಮಿಷ ಕೂಡ ಸರಿಯಾಗಿ ಇರ್ಲಿಲ್ಲ, ಯಾವ ಸೈರನ್ನೂ ಇಲ್ಲ. ಸುಮಾರು 78,000 ಜನ ಇದ್ರು, ಸತ್ತವರು ಏಳು. ಅದೇ ಅಚೆ (Aceh) ಪ್ರಾಂತ್ಯದ ಉಳಿದ ಕಡೆ, ಪಕ್ಕದ ಸುಮಾತ್ರಾ ಕರಾವಳಿಯಲ್ಲಿ, ಲಕ್ಷಕ್ಕೂ ಹೆಚ್ಚು ಜನ ಹೋದ್ರು.

ಇದನ್ನ ಕೇಳಿದ ಕೂಡ್ಲೇ ಎಲ್ಲರಿಗೂ ಒಂದು ಐಡಿಯಾ ಬರುತ್ತೆ, ಹಾಗಾದ್ರೆ ಸುನಾಮಿ ಬಗ್ಗೆ ಮಕ್ಕಳ ಪುಸ್ತಕ ಮಾಡೋಣ, ಚಂಡಮಾರುತದ ಬಗ್ಗೆ ಮಾಡೋಣ, ಕೊನೇ ಪುಟದಲ್ಲಿ ಐದು ಸೂಚನೆ ಹಾಕೋಣ ಅಂತ. ಮಾಡಿ, ಬೇಡ ಅನ್ನಲ್ಲ. ಆದ್ರೆ ಆ ದ್ವೀಪದಲ್ಲಿ ಮಾತು ತೊಂಬತ್ತೇಳು ವರ್ಷ ಉಳಿದಿದ್ದು ಸೂಚನೆ ಆಗಿದ್ದಕ್ಕಲ್ಲ, ಹಾಡೋಕೆ ಹಿತವಾಗಿತ್ತು, ಮಗು ಮತ್ತೆ ಹೇಳು ಅಂತಿತ್ತು, ಅಜ್ಜಿಗೆ ಅದು ತನ್ನ ಅಜ್ಜಿಯ ಕತೆ ಆಗಿತ್ತು. ಪುಸ್ತಕದಲ್ಲಿ ಆ "ಮತ್ತೆ ಹೇಳು" ಅನ್ನಿಸೋ ಗುಣ ಇಲ್ದಿದ್ರೆ ಸೂಚನೆ ಎಷ್ಟು ಸರಿ ಇದ್ರೂ ಮಗು ಮುಟ್ಟಲ್ಲ. ಹಾಗಾಗಿ ಮರಳಿ ಮರಳಿ ಬರೋ ಪಲ್ಲವಿ ಇರ್ಲಿ, ತಾಳ ಇರ್ಲಿ, ಅದನ್ನ ಮುದ್ರಿಸೋ ಮುಂಚೆ ಬಾಯಲ್ಲಿ ಹೇಳಿ ನೋಡಿ.

ಇನ್ನೊಂದು ಮಾತು. ಸಂಸ್ಕೃತಿ ಅಂದ್ರೆ ಬರೀ ಹಳೇದು ಅಲ್ಲ. ದ್ವೀಪದ ಮಗು ಔಟ್‌ಬೋರ್ಡ್ ಮೋಟಾರ್ ಸದ್ದು ಕೇಳಿ ಯಾರ ದೋಣಿ ಅಂತ ಹೇಳುತ್ತೆ, ದೂರದ ದೇಶದಲ್ಲಿರೋ ಚಿಕ್ಕಮ್ಮನ ಜೊತೆ ವಿಡಿಯೋ ಕಾಲ್ ಮಾಡುತ್ತೆ, ಹಡಗು ಬರೋ ದಿನ ಕಾಯುತ್ತೆ. ನಿಯುವೆಯವರು ನಿಯುವೆಗಿಂತ ನ್ಯೂಜಿಲೆಂಡ್‌ನಲ್ಲೇ ಎಷ್ಟೋ ಪಟ್ಟು ಹೆಚ್ಚಿದ್ದಾರೆ, ಅಲ್ಲಿ ಹುಟ್ಟಿದ ಮಗುವಿಗೂ ಇದೇ ಪುಸ್ತಕ ಬೇಕು. ನ್ಯೂಜಿಲೆಂಡ್ ಸರ್ಕಾರ ಟುಪು ಅನ್ನೋ ಸರಣಿಯಲ್ಲಿ ಸಮೋವಾ, ಟೋಂಗಾ, ನಿಯುವೆ, ಟೊಕೆಲಾವ್, ಕುಕ್ ದ್ವೀಪಗಳ ಭಾಷೆಗಳಲ್ಲಿ ಮಕ್ಕಳ ಪುಸ್ತಕ ತಂದಿದ್ದು ಇಂಥ ಮಕ್ಕಳಿಗೇ. ಎಲ್ಲಾ ಪುಸ್ತಕಾನೂ ದೇವರು, ರಾಕ್ಷಸ, ಹಿಂದಿನ ಕಾಲದ್ದೇ ಆದ್ರೆ, ನಮ್ಮ ಭಾಷೆ ಅಂದ್ರೆ ಸತ್ತುಹೋದವರ ಭಾಷೆ ಅಂತ ಮಗು ಅಂದ್ಕೊಳ್ಳೋದ್ರಲ್ಲಿ ತಪ್ಪೇನಿದೆ.

ಪುಸ್ತಕ ಇಲ್ಲದೆ ನೀತಿ ಮಾತ್ರ ಬಂದ್ರೆ ಏನಾಗುತ್ತೆ ಅನ್ನೋದಕ್ಕೆ ಪಾಪುವಾ ನ್ಯೂಗಿನಿ ನೋಡಬಹುದು. ಎಂಟು ನೂರಕ್ಕೂ ಹೆಚ್ಚು ಭಾಷೆಯ ದೇಶ. 1980ರಲ್ಲಿ ಬೂಗನ್‌ವಿಲ್ ದ್ವೀಪದ ಕಡೆ ಊರ ಭಾಷೆಯ ಶಾಲೆಗಳು ಶುರುವಾದ್ವು, ಜನರೇ ಬೇಕು ಅಂತ ಕೇಳಿ ಮಾಡಿಸ್ಕೊಂಡಿದ್ದು. 90ರ ದಶಕದಲ್ಲಿ ಸರ್ಕಾರ ಅದನ್ನ ಇಡೀ ದೇಶಕ್ಕೆ ತಂತು, ಮೊದಲ ಮೂರು ವರ್ಷ ಸ್ಥಳೀಯ ಭಾಷೆ. 2013ಕ್ಕೆ ವಾಪಸ್ ಇಂಗ್ಲಿಷ್‌ಗೆ ಹೋಯ್ತು. ಕಾರಣ ಹಲವು ಇವೆ, ಅಪ್ಪ ಅಮ್ಮಂದಿರ ಇಂಗ್ಲಿಷ್ ಆಸೆ, ಟೀಚರ್ ತರಬೇತಿ ಕೊರತೆ, ಎಲ್ಲಾ. ಆದ್ರೆ ಅಷ್ಟೊಂದು ಭಾಷೆಯಲ್ಲಿ ಮಗುವಿನ ಕೈಗೆ ಕೊಡೋಕೆ ಪುಸ್ತಕ ಸಾಲದೇ ಇದ್ದದ್ದು ಅದರಲ್ಲಿ ದೊಡ್ಡದು ಅಂತ ನನ್ನ ಅನಿಸಿಕೆ.

ಆದ್ರೂ ಸಣ್ಣ ಭಾಷೆಗೆ ಪುಸ್ತಕ ಮಾಡೋ ಒಂದು ಜಾಣ ವಿಧಾನ ಚೆನ್ನಾಗಿ ಬಳಕೆಗೆ ಬಂದಿದ್ದೂ ಅದೇ ದೇಶದಲ್ಲೇ. ಚಿತ್ರಗಳನ್ನ ಒಮ್ಮೆ ಬರೆಸಿ, ಅಕ್ಷರದ ಜಾಗ ಖಾಲಿ ಬಿಟ್ಟು ಇಡೋದು, ಒಂದೊಂದು ಭಾಷೆಯವರು ತಮ್ಮ ಮಾತಲ್ಲಿ ಕತೆ ತುಂಬ್ಕೊಳ್ಳೋದು, ಸಿಲ್ಕ್ ಸ್ಕ್ರೀನ್‌ನಲ್ಲಿ, ಅಂದ್ರೆ ಬಟ್ಟೆಯ ಜಾಲರಿ ಮೂಲಕ ಶಾಯಿ ಒತ್ತಿ, ಹಳ್ಳೀಲೇ ನೂರು ಪ್ರತಿ ಒತ್ತೋದು. ಸಾವಿರ ಜನ ಆಡೋ ಭಾಷೆಗೆ ಮಾರುಕಟ್ಟೆ ಅನ್ನೋದು ಯಾವತ್ತೂ ಇರಲ್ಲ, ಪ್ರಕಾಶಕರು ಬರಲಿ ಅಂತ ಕಾದ್ರೆ ಮಗು ಬೆಳೆದು ದೊಡ್ಡದಾಗಿರುತ್ತೆ. ಈಗ ಆ ಖಾಲಿ ಜಾಗದ ಕೆಲಸ ಕಂಪ್ಯೂಟರಿಗೆ ಬಂದಿದೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಮುಕ್ತ ಲೈಸೆನ್ಸ್ ಇರೋದ್ರಿಂದ ಯಾರು ಬೇಕಾದ್ರೂ ಚಿತ್ರ ತಗೊಂಡು ತಮ್ಮ ಭಾಷೇಲಿ ಕತೆ ಬರೆಯಬಹುದು, ಪ್ರಿಂಟ್ ತೆಗೆಯಬಹುದು. ಆದ್ರೆ ನಾನು ಮೊದಲೇ ಹೇಳಿದ ತೊಂದರೆ ಇಲ್ಲೂ ಇದೆ, ಚಿತ್ರ ಬೇರೆ ಊರದ್ದು. ಹಾಗಾಗಿ ಹತ್ತು ದ್ವೀಪಗಳು ಸೇರಿ ದ್ವೀಪದ್ದೇ ಚಿತ್ರಗಳ ಒಂದು ಭಂಡಾರ ಮಾಡ್ಕೊಂಡ್ರೆ, ಹವಳ ದಿಬ್ಬ, ಬಲೆ, ದೋಣಿ, ಕೆಸು, ಮಳೆನೀರಿನ ತೊಟ್ಟಿ, ಅದು ಎಷ್ಟು ಭಾಷೆಗೆ ಆಗಿಬರಬಹುದು ಯೋಚನೆ ಮಾಡಿ.

ದೂರದ ಮಾತೇ ಆಯ್ತು ಅನ್ಬೇಡಿ, ಲಕ್ಷದ್ವೀಪ ನಮಗೇನು ದೂರ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು, ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರ್ತಿತ್ತು. ಒಟ್ಟು 36 ದ್ವೀಪ, ಜನ ಇರೋದು 10ರಲ್ಲಿ, 2011ರ ಜನಗಣತಿ ಪ್ರಕಾರ 64,473 ಜನ. ಮನೇಲಿ ಜೆಸರಿ ಅನ್ನೋ ಮಲಯಾಳಂ ಬಗೆಯ ಮಾತು, ದಕ್ಷಿಣದ ಮಿನಿಕಾಯ್‌ನಲ್ಲಿ ಮಾತ್ರ ಮಹಲ್, ಅದು ಮಾಲ್ಡೀವ್ಸ್‌ನ ಧಿವೇಹಿಯೇ, ಬಲದಿಂದ ಎಡಕ್ಕೆ ಬರೆಯೋ ಥಾನ ಲಿಪಿ. ಸಾಧ್ಯ ಇರೋ ಕಡೆಯೆಲ್ಲ ಕನಿಷ್ಠ ಐದನೇ ಕ್ಲಾಸಿನವರೆಗೆ ಮನೆಮಾತಲ್ಲೇ ಕಲಿಸಿ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತೆ. ಮಿನಿಕಾಯ್‌ನ ಗಂಡಸರು ಟ್ಯೂನಾ ಹಿಡಿಯೋದು ನೋಡಿ, ಅದೇ ಒಂದು ರೆಡಿ ಚಿತ್ರಪುಸ್ತಕ: ಲಗೂನ್‌ನಲ್ಲಿ, ಅಂದ್ರೆ ಹವಳ ದಿಬ್ಬದ ಒಳಗಿನ ಆಳ ಕಮ್ಮಿ ನೀರಲ್ಲಿ, ಪುಟ್ಟ ಪುಟ್ಟ ಮೀನು ಬಲೆ ಹಾಕಿ ಹಿಡೀತಾರೆ, ದೋಣಿ ತೊಟ್ಟಿಯಲ್ಲಿ ಜೀವಂತ ಇಟ್ಕೋತಾರೆ, ಹೊರಗಿನ ಕಡಲಿಗೆ ಹೋಗಿ ಎರಚ್ತಾರೆ, ನೀರು ಚಿಮ್ಮಿಸ್ತಾರೆ, ದೊಡ್ಡ ಮೀನು ಮೇಲೆ ಬರುತ್ತೆ, ಉದ್ದ ಗಳದ ಗಾಳದಿಂದ ಒಂದೊಂದೇ ಎತ್ತಿ ದೋಣಿಯೊಳಗೆ ಹಾಕ್ತಾರೆ, ಮನೆಗೆ ತಂದು ಬೇಯಿಸಿ ಹೊಗೆ ಹಾಕಿ ಒಣಗಿಸ್ತಾರೆ. ಪ್ರತಿ ಪುಟಕ್ಕೂ ಒಂದು ಕೆಲಸ, ಒಂದು ಸದ್ದು, ಸಣ್ಣದು ದೊಡ್ಡದು, ಒಳಗೆ ಹೊರಗೆ, ಮೊದಲು ಆಮೇಲೆ, ಪುಟಾಣಿಗಳಿಗೆ ಕಲಿಸ್ಬೇಕು ಅಂತ ನಾವು ಪಟ್ಟಿ ಮಾಡೋದೆಲ್ಲ ಅದರೊಳಗೇ ಇದೆ. ಬರೆಯೋರು ಮಿನಿಕಾಯ್‌ನವರೇ ಆಗ್ಬೇಕು, ನಾನಲ್ಲ.

ಮಾತು ಮುಗಿದಮೇಲೆ ಒಬ್ಬ ಮೇಡಂ ಕೇಳಿದ್ರು, ಮನೆಮಾತಿನ ಪುಸ್ತಕ ಓದ್ತಾ ಕೂತ್ರೆ ಇಂಗ್ಲಿಷ್ ಹಿಂದೆ ಬೀಳಲ್ವಾ, ಪೇರೆಂಟ್ಸ್ ಅದನ್ನೇ ಕೇಳ್ತಾರೆ ಅಂತ. ದ್ವೀಪದ ಅಪ್ಪ ಅಮ್ಮಂದಿರ ಆ ಭಯ ಸುಳ್ಳಲ್ಲ, ಮಗು ಒಂದು ದಿನ ಹಡಗು ಹತ್ತಿ ಹೋಗಲೇಬೇಕು ಅಂತ ಅವರಿಗೆ ಗೊತ್ತು, ಅದನ್ನ ಅಜ್ಞಾನ ಅಂತ ತಳ್ಳಿಹಾಕೋದು ಅನ್ಯಾಯ. ಅವರಿಗೆ ನಾನು ಹೇಳೋದು, ಪುಸ್ತಕ ಅಂದ್ರೆ ಏನು, ಎಡದಿಂದಲೋ ಬಲದಿಂದಲೋ ಓದೋದು, ಪುಟ ತಿರುಗಿಸಿದ್ರೆ ಮುಂದೇನಾಯ್ತು ಅಂತ ಗೊತ್ತಾಗುತ್ತೆ ಅನ್ನೋ ಕುತೂಹಲ, ಇದನ್ನ ಮಗು ಒಂದೇ ಸಲ ಕಲಿಯೋದು, ಗೊತ್ತಿರೋ ಭಾಷೇಲಿ ಬೇಗ ಕಲಿಯುತ್ತೆ, ಆಮೇಲೆ ಇಂಗ್ಲಿಷ್ ಪುಸ್ತಕ ಕೈಗೆ ಬಂದಾಗ ಭಾಷೆ ಮಾತ್ರ ಹೊಸದು, ಓದು ಹೊಸದಲ್ಲ.

ಇನ್ನೊಬ್ಬರು ಕೇಳಿದ್ದು ಪ್ರಿಂಟಿಂಗ್ ಬಗ್ಗೆ, ಅದು ನಾನು ಮರೆತೇಬಿಡ್ತಿದ್ದ ವಿಷಯ. ಉಪ್ಪುಗಾಳಿಗೆ ಸ್ಟೇಪ್ಲರ್ ಪಿನ್ ತುಕ್ಕು ಹಿಡಿದು ಹಾಳೆ ಕೆಂಪಾಗಿ ಹರಿದುಹೋಗುತ್ತೆ, ಹಾಗಾಗಿ ದಾರದಲ್ಲಿ ಹೊಲೀರಿ. ತೇವಕ್ಕೆ ಬೂಷ್ಟು ಬರುತ್ತೆ, ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಮುಚ್ಚಿದ ಕಪಾಟಲ್ಲಿ ಇಡೋ ಬದಲು ಗಾಳಿಯಾಡೋ ಕಡೆ ತಂತಿಗೆ ನೇತುಹಾಕಿ, ಹೇಗೂ ಮಗುವಿನ ಕೈಗೆ ಎಟುಕೋದು ಅಲ್ಲೇ. ಹದಿನಾರು ಪುಟ ಸಾಕು, ಪುಟಕ್ಕೆ ಒಂದೆರಡು ಸಾಲು. ಮೊದಲ ಸಲ ಇಪ್ಪತ್ತೇ ಪ್ರತಿ ಮಾಡಿ, ಮಕ್ಕಳಿಗೂ ಅಜ್ಜಿಯರಿಗೂ ಓದಿ ತೋರಿಸಿ, ಅಜ್ಜಿ "ಇದು ಹೀಗಲ್ಲ" ಅಂತ ಎಲ್ಲೆಲ್ಲಿ ತಡೀತಾರೋ ಅಲ್ಲೆಲ್ಲಾ ಪೆನ್ಸಿಲ್‌ನಲ್ಲಿ ಗುರುತು ಹಾಕ್ಕೊಂಡು, ಆಮೇಲೆ ನೂರು ಒತ್ತಿಸಿ.